ಗೋಡೆಗೆ ಸೀಗೆಕಾಯಿ

ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ಬೆಳಿಗ್ಗೆ ನಮ್ಮ ನಡುಮನೆಯ ಗೋಡೆಯಲ್ಲಿ ನನ್ನ ಮುಖದ ನೆರಳು ನೋಡಿಕೊಂಡೇ ಹಣೆಗೆ ಬೊಟ್ಟಿಟ್ಟುಕೊಂಡು ಹೋಗಿದ್ದೆ. ಸಂಜೆಯ ಹೊತ್ತಿಗೆ ಅದೇ ಗೋಡೆ ಬೂದಿಯಲ್ಲಿ ಹೊರಳಾಡಿ ಎದ್ದ ಎಮ್ಮೆಯ ಹಾಗೆ ಮಂಕಾಗಿ ನಿಂತಿತ್ತು. ಗಾಳಿಯಲ್ಲೆಲ್ಲ ಹಸಿರು ಪುಡಿ. ನೆಲದ ಮೇಲೆ, ನೀರಿನ ಹಂಡೆಯ ಮುಚ್ಚಳದ ಮೇಲೆ, ಕ್ಯಾಲೆಂಡರಿನ ದೇವರ ಕಿರೀಟದ ಮೇಲೆ ಪುಡಿ. ಸ್ಟೂಲಿನ ಮೇಲೆ ನಿಂತಿದ್ದ ಪೇಂಟರ್ ಸೆಲ್ವರಾಜು ಮರದ ತುಂಡಿಗೆ ಉಪ್ಪು ಕಾಗದ ಸುತ್ತಿಕೊಂಡು ರವಕ್ ರವಕ್ ಎಂದು ಉಜ್ಜುತ್ತಿದ್ದ. ಆ ತರಿತರಿ ಕಾಗದದ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ಆಂಡರ್ಸನ್‌ಪೇಟೆಯ ಆ ಬೀದಿಯಲ್ಲಿ ಅವನನ್ನು ಎಲ್ಲರೂ ಬಲ್ಲರು. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಬಾಣಂತಿ ಎಂಬುದು ಪುರೋಹಿತರಿಗಿಂತ ಮುಂಚೆ ಅವನಿಗೆ ತಿಳಿಯುತ್ತಿತ್ತು. ನಾನು ಗೋಡೆಯನ್ನೇ ಮಿಕಿಮಿಕಿ ನೋಡುತ್ತಿದ್ದುದನ್ನು ಕಂಡು ಅವನಿಗೆ ಭಾರಿ ಖುಷಿಯಾಯಿತು.

"ಬಾ ಪಾಪಾ, ನೋಡ್ದ್ಯಾ? ಶೈನಿಂಗೆಲ್ಲ ಸಾಯ್ಸಿಬಿಟ್ಟೆ."

"ಯಾಕೆ?"

"ಶೈನಿಂಗ್ ಮೇಲೆ ಒಸ ಪೇಂಟು ನಿಲ್ಲಲ್ಲಮ್ಮಾ. ಒಂದು ಮಳೆ ಬಂದ್ರೆ ಸಾಕು, ಆವಿನ ಪೊರೆ ಮಾದ್ರಿ ಎದ್ಬಿಡ್ತದೆ. ತೊಳೀಬೇಕು, ಉಜ್ಜಬೇಕು, ತಿರ್ಗಾ ಒರೆಸ್ಬೇಕು. ಆಮೇಲೇನೇ ಬ್ರಷ್ಷು ಮುಟ್ಟೋದು."

ಅಷ್ಟು ಚೆಂದದ ಹೊಳಪನ್ನು ದೊಡ್ಡವರು ಬೇಕೆಂದೇ ಕೆಡಿಸುತ್ತಾರೆ, ಅದೂ ಕೂಲಿ ಕೊಟ್ಟು ಕೆಡಿಸುತ್ತಾರೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಆ ಗೋಡೆ ನಮ್ಮ ಮನೆಯ ಒಡವೆ. ಚಿನ್ನದ ಗಣಿಯಿಂದ ಬಂದ ಮಣ್ಣನ್ನು ರಾಶಿ ಹಾಕಿದ ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿ ಎದ್ದರೆ ನಮ್ಮೂರಲ್ಲಿ ಅನ್ನದ ತಟ್ಟೆಗೂ ಧೂಳು ಬಡಿಸಿದಂತೆ ಬೀಳುತ್ತಿತ್ತು. ಸುಣ್ಣದ ಗೋಡೆಗೆ ಹತ್ತಿದ ಧೂಳು ಒರೆಸಿದರೆ ಸುಣ್ಣವೇ ಬರುತ್ತಿತ್ತು. ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಒಮ್ಮೆ ಯಾರನ್ನೋ ನೋಡಲು ಆಸ್ಪತ್ರೆಗೆ ಹೋಗಿ, ಅಲ್ಲಿನ ಗೋಡೆಗಳನ್ನು ಆಯಾ ಒದ್ದೆ ಬಟ್ಟೆಯಲ್ಲಿ ತಟ್ಟೆ ಒರೆಸಿದ ಹಾಗೆ ಒರೆಸುವುದನ್ನು ಕಂಡು ಬೆರಗಾಗಿ ಬಂದನಂತೆ. ನಾನು ಹುಟ್ಟಿದ ವರ್ಷವೇ ನಮ್ಮ ನಡುಮನೆಗೆ ಆಸ್ಪತ್ರೆಯದೇ ಬಣ್ಣದ, ತಿಳಿ ಹಸಿರು ಆಯಿಲ್ ಪೇಂಟು ಬಿತ್ತು. ಬಂದವರು ಮೊದಲು ಗೋಡೆ ಮುಟ್ಟಿ ನೋಡಿ ಆಮೇಲೆ ಕುಡಿಯಲು ನೀರು ಕೇಳುತ್ತಿದ್ದರು. ಅಮ್ಮ ದಿನಾ ಸಂಜೆ ದೀಪ ಹಚ್ಚುವ ಮುಂಚೆ ಅದನ್ನು ಒರೆಸುತ್ತಿದ್ದಳು. ನನ್ನ ಮುಖ ಒರೆಸಿದ ಬಟ್ಟೆಯಲ್ಲೇ ಗೋಡೆಯನ್ನೂ ಒರೆಸುತ್ತಿದ್ದಳೋ, ಗೋಡೆ ಒರೆಸಿದ ಬಟ್ಟೆಯಲ್ಲಿ ನನ್ನ ಮುಖವನ್ನೋ, ಈಗ ಹೇಳಲಾರೆ.

ಅಷ್ಟು ಒರೆಸುತ್ತಿದ್ದ ಅಮ್ಮ ಒಂದು ಕಡೆ ಮಾತ್ರ ತಾನೇ ಗೋಡೆಯನ್ನು ಕೆಡಿಸಿದ್ದಳು. ನಡುಮನೆಯಲ್ಲಿ ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಒಂದು ಜಾಗ. ಅಲ್ಲಿ ಕುಳಿತರೆ ಒಲೆಯೂ ಕಾಣುತ್ತದೆ, ಬೀದಿಯೂ ಕಾಣುತ್ತದೆ. ಅವರೆಕಾಯಿ ಸುಲಿಯುವುದು, ಸೊಪ್ಪು ಬಿಡಿಸುವುದು, ಅಪ್ಪನ ಅಂಗಿಗೆ ಗುಂಡಿ ಹಾಕುವುದು, ಸುಮ್ಮನೆ ಕಣ್ಣು ಮುಚ್ಚಿಕೊಳ್ಳುವುದು, ಎಲ್ಲವೂ ಅಲ್ಲೇ. ಕುಳಿತವಳು ತಲೆಯನ್ನು ಹಿಂದಕ್ಕೆ ಆನಿಸುತ್ತಿದ್ದಳು. ಹರಳೆಣ್ಣೆ ಹಚ್ಚಿದ ತಲೆ. ದಿನ ದಿನಕ್ಕೆ ಅಲ್ಲಿ ಅಂಗೈಗಿಂತ ದೊಡ್ಡದಾದ ಒಂದು ಕಪ್ಪುಹಸಿರು ಗುರುತು ಕೂತಿತು. "ನಿನ್ನ ಸೊಸೆ ಗ್ವಾಡೆಗೂ ಎಣ್ಣೆ ಒತ್ತಿ ಸಾಕ್ತಾವ್ಳೆ ಕಣೇ" ಎಂದು ಅಜ್ಜಿಗೆ ಓರಗೆಯವರು ಹೇಳಿ ನಗುತ್ತಿದ್ದರು. ಜ್ವರವೆಂದು ಮಲಗಿದ ಅಮ್ಮ ಮತ್ತೆ ಏಳಲಿಲ್ಲ. ಅವಳ ಸೀರೆಗಳನ್ನು ಊರಿನವರಿಗೆ ಕೊಟ್ಟರು, ಓಲೆ ಬಳೆಗಳನ್ನು ಅಜ್ಜಿ ಎತ್ತಿಟ್ಟಳು. ಕೊಡಲಾಗದ್ದು, ಎತ್ತಿಡಲಾಗದ್ದು ಆ ಗುರುತೊಂದೇ. ನಾನು ಮಂಡಿಯೂರಿ ಎದ್ದು, ಅದಕ್ಕೆ ಸರಿಯಾಗಿ ನನ್ನ ತಲೆ ಕೊಟ್ಟು, ಮೂಗೆಳೆದು ನೋಡುತ್ತಿದ್ದೆ. ವಾಸನೆ ಇತ್ತು. ಇಲ್ಲ ಎಂದವರ ಜೊತೆ ಜಗಳಕ್ಕೆ ಹೋಗುತ್ತಿದ್ದೆ.

ಅವತ್ತು ಗೋಡೆಯೆಲ್ಲ ಮಂಕಾಗಿ, ಅದೊಂದು ಜಾಗ ಮಾತ್ರ ಇನ್ನೂ ಮಿರಮಿರ ಮಿಂಚುತ್ತಿತ್ತು.

"ಅದು ಬಿಟ್ಬಿಡ್ತೀಯಾ?" ಎಂದು ಕೇಳಿದೆ.

"ಬಿಡೋದಾ! ಅಲ್ಲಿ ಎಣ್ಣೆ ಐತಲ್ಲಾ. ಅಂಗೇ ಉಜ್ಜಿದ್ರೆ ಎಣ್ಣೆ ಇನ್ನೂ ಒಳಕ್ಕೆ ಓಗಿ ಕೂತ್ಕತದೆ. ಸೋಡಾ ನೀರು ಕಾಯ್ತಾ ಐತೆ, ಅದ್ರಲ್ಲಿ ತೊಳ್ದು ತೆಗೀತೀನಿ. ಒಸ ಅಮ್ಮ ಒಳಗ್ ಬರೋವಾಗ ಮನೆ ಪಳಪಳ ಅನ್ಬೇಡ್ವಾ?"

ನಾನು ಅವನ ಮುಖವನ್ನೇ ನೋಡಿದೆ. ಹಬ್ಬಕ್ಕೆ ಬಣ್ಣ ಎಂದು ಅಜ್ಜಿ ನನಗೆ ಹೇಳಿದ್ದಳು. ನಾನೂ ಇಡೀ ಶಾಲೆಗೆ ಹಾಗೆಯೇ ಸಾರಿ ಬಂದಿದ್ದೆ. ಸೆಲ್ವರಾಜುವಿನ ಕೈ ಅಲ್ಲೇ ನಿಂತಿತು. ಗಾಬರಿಯಾದರೆ ಅವನ ಬಾಯಿಗೆ ತಮಿಳೇ ಬರುತ್ತಿತ್ತು, ಅಜ್ಜಿಯನ್ನಂತೂ ಯಾವಾಗಲೂ ಪಾಟಿ ಎಂದೇ ಕರೆಯುತ್ತಿದ್ದ.

"ಐಯೋ ಕಡವುಳೇ... ಪಾಟೀ, ಮಗೂಗೆ ಏಳೇ ಇಲ್ವಾ ನೀವು?"

ಒಲೆಯ ಮುಂದಿನಿಂದ ಅಜ್ಜಿ ಎದ್ದು ಬಂದಳು. ಕೈಯಲ್ಲಿ ಮುದ್ದೆ ಕೋಲು ಹಾಗೇ ಇತ್ತು.

"ಇವತ್ತು ಏಳಾನ, ನಾಳೆ ಏಳಾನ ಅಂತಿದ್ದೆ. ನಿನ್ ಬಾಯ್ಗೂ ಒಂದೀಟು ಪೇಂಟು ಒಡ್ಕೋ ಓಗು." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಬೂದಿಕೋಟೆ ಅತ್ರದೋಳು ಕಣಮ್ಮೀ, ರತ್ನಮ್ಮ ಅಂತ. ಒಳ್ಳೆ ಮನೆತನ. ನಂಗೆ ಕೈಲಾಗಲ್ಲ. ನಿಮ್ಮಪ್ಪಂಗೆ ಬುತ್ತಿ ಕಟ್ಟೋರ್ಯಾರು, ನಿಂಗೆ ಜಡೆ ಆಕೋರ್ಯಾರು?"

"ನಾನೇ."

"ಬುತ್ತೀನಾ, ಜಡೇನಾ?"

"ಎಲ್ಡೂನೂ."

ಅಜ್ಜಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಎರಡನ್ನೂ ಒಂದೇ ಸೆರಗಿನಲ್ಲಿ ಒರೆಸಿಕೊಂಡಳು. ನಾನು ಪುಸ್ತಕದ ಚೀಲ ಬಿಸಾಡಿ, ಹೋಗಿ, ಆ ಗುರುತಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟೆ. ನನ್ನ ತಲೆ ಅದರ ತಳವನ್ನಷ್ಟೇ ಮುಟ್ಟುತ್ತಿತ್ತು. ಅಷ್ಟನ್ನಾದರೂ ಯಾರೂ ತೊಳೆಯದ ಹಾಗೆ ನೋಡಿಕೊಳ್ಳಬೇಕು, ಆ ಹೊತ್ತಿನಲ್ಲಿ ಲೋಕದಲ್ಲಿ ನನಗೆ ಬೇಕಾಗಿದ್ದುದು ಅದೊಂದೇ. ಸೆಲ್ವರಾಜು ಸೋಡಾ ನೀರಿನ ಬಕೆಟ್ಟು ತಂದಿಟ್ಟ, ನಾನು ಕದಲಲಿಲ್ಲ. ಅಜ್ಜಿ ಹುರಿದ ಕಡಲೆಕಾಯಿ ತಂದಳು, ಮುದ್ದೆ ಕೋಲೂ ತೋರಿಸಿದಳು. ಕಡಲೆಕಾಯಿ ತಿಂದೆ, ಕದಲಲಿಲ್ಲ. "ಪಾಟಿ, ನಾನು ಟೀ ಕುಡ್ದು ಬತ್ತೀನಿ, ಅಷ್ಟರಲ್ಲಿ ನಿಮ್ ಕೋರ್ಟು ತೀರ್ಮಾನ ಮಾಡ್ಲಿ" ಎಂದು ಅವನು ಹೊರಗೆ ಹೋದ. ನನಗೆ ಒಳಗೊಳಗೇ ಧೈರ್ಯವಿತ್ತು. ಅಪ್ಪ ಬರಲಿ. ಅಪ್ಪ ಬಂದರೆ ಎಲ್ಲರನ್ನೂ ಬೈದು, ಬಕೆಟ್ಟನ್ನು ಬೀದಿಗೆ ಚೆಲ್ಲುತ್ತಾನೆ.

ಅಪ್ಪ ಬಂದ. ಅಜ್ಜಿ ಹೇಳಿದ್ದನ್ನೆಲ್ಲ ನಿಂತೇ ಕೇಳಿದ. ಸೈಕಲ್ಲಿನ ಹ್ಯಾಂಡಲಿನಿಂದ ಬುತ್ತಿ ಡಬ್ಬಿ ಬಿಡಿಸಿ ಒಳಗಿಟ್ಟು, ಕೈಕಾಲು ತೊಳೆದು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಏಳಮ್ಮ."

"ಊಹೂಂ."

"ಅದು ಎಣ್ಣೆ ಕಣಮ್ಮ."

"ಅಮ್ಮಂದು."

"ಅವಳ್ದು ಅಂತ್ಲೇ ನಾನೇ ತೊಳೀತೀನಿ. ಬಿಟ್ರೆ ನಾಳೆ ಬರೋಳು ತೊಳೀಬೇಕಾಗ್ತದೆ. ಅದು ಬ್ಯಾಡ."

ನನಗೆ ಅರ್ಥವಾಗಲಿಲ್ಲ. ಅವನು ಬೈಯಲಿಲ್ಲ, ಅಳಲೂ ಇಲ್ಲ. ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ, ಅಜ್ಜಿಯ ಮಡಿಲಿಗೆ ಒಂದು ಗಂಟಿನ ಹಾಗೆ ಇಟ್ಟ. ನಾನು ಕಿರುಚಲೂ ಮರೆತೆ. ಬಟ್ಟೆಯನ್ನು ಬಿಸಿ ಸೋಡಾ ನೀರಿನಲ್ಲಿ ಅದ್ದಿ ಅಪ್ಪ ಆ ಗುರುತನ್ನು ಉಜ್ಜತೊಡಗಿದ. ಬಟ್ಟೆ ಕಂದಾಯಿತು. ಟೀ ಮುಗಿಸಿ ಬಂದ ಸೆಲ್ವರಾಜು ಹಿಂದೆ ನಿಂತು, "ಸಾಕಣ್ಣೇ, ಈಗ ನೀರು ಒಡ್ದು ನೋಡು. ಎಣ್ಣೆ ಓಗಿದ್ರೆ ನೀರು ಸರಾಗ ಇಳೀತದೆ, ಇದ್ರೆ ಅಲ್ಲಿಂದ ಸರ್ಕೊಂಡು ಓಯ್ತದೆ" ಎಂದ. ಅಪ್ಪ ಚೊಂಬಿನಲ್ಲಿ ನೀರೆತ್ತಿ ಗೋಡೆಗೆ ಎರಚಿದ.

ಉಜ್ಜಿದ ಗೋಡೆಯ ಮೇಲೆ ನೀರು ತೆಳ್ಳಗೆ ಹರಡಿಕೊಂಡು ಇಳಿಯಿತು. ನಡುವೆ ಒಂದು ಕಡೆ ಮಾತ್ರ ಅದು ಹಿಂದೆ ಸರಿಯಿತು. ಸುತ್ತ ಒದ್ದೆ, ಒಳಗೆ ಒಣ. ನೋಡನೋಡುತ್ತಿದ್ದಂತೆ ಗೋಡೆಯಲ್ಲಿ ಒಂದು ತಲೆ ಎದ್ದು ನಿಂತಿತು. ದುಂಡಗಿನ ತಲೆ, ಅದರ ಕೆಳಗೆ ಒಂದು ಪಕ್ಕಕ್ಕೆ ವಾಲಿದ ತುರುಬು. ಗುರುತು ಇದ್ದಷ್ಟು ದಿನವೂ ಅದು ಒಂದು ಕಲೆಯಷ್ಟೇ ಆಗಿತ್ತು. ತೊಳೆಯಲು ಹೋದ ಮೇಲೆ ಅಮ್ಮ ಕಂಡಳು. ಅಪ್ಪನ ಕೈಯಿಂದ ಚೊಂಬು ಜಾರಿ ಠಣ್ ಎಂದಿತು. ಸೆಲ್ವರಾಜು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ಈ ಮದುವೆಗೆ ಊರೂರು ತಿರುಗಿ ಹೆಣ್ಣು ಹುಡುಕಿದ್ದ ಅಜ್ಜಿ ನನ್ನನ್ನು ಕೆಳಗೆ ಬಿಟ್ಟು ಎದ್ದೇಬಿಟ್ಟಳು.

"ಬ್ಯಾಡ ಕಣ್ಲಾ ನಾಯ್ನಾ! ಆ ತಲೇಗೆ ಸೋಡಾ ಆಕಬ್ಯಾಡ್ವೋ, ಉರೀತದೆ!"

ಅಜ್ಜಿ ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದು, ಬಿಸಿನೀರು ಬಗ್ಗಿಸಿದ ಸದ್ದು. ಬರುವಾಗ ಅವಳ ಕೈಯಲ್ಲಿ ತಲೆಗೆ ನೀರು ಹಾಕುವಾಗಿನ ಅದೇ ಬಟ್ಟಲು, ಅದರಲ್ಲಿ ನೊರೆ ಕಟ್ಟಿದ ಸೀಗೆಕಾಯಿ.

"ತಲೆ ಎಣ್ಣೇಗೆ ಇದೇ ಆಗ್ಬೇಕು. ತಕಾ."

"ಪಾಟೀ, ಇದು ಗೋಡೆ! ಗೋಡೆಗೆ ಯಾರಾದ್ರೂ ಸೀಗೇಕಾಯಿ ಆಕ್ತಾರಾ? ಜಿಗಿ ಉಳ್ಕೊಂಡ್ರೆ ಪೇಂಟು ಇಡಿಯಲ್ಲ!"

"ಗ್ವಾಡೆ ಅಂತ ನಂಗೂ ಗೊತ್ತು ಓಗಯ್ಯ. ಆಮೇಲೆ ತಣ್ಣೀರು ಒಯ್ಕೋ, ಅಲ್ಗಂಟ ಸುಮ್ಕಿರು."

ಅಪ್ಪ ಬಟ್ಟೆಯನ್ನು ಪಕ್ಕಕ್ಕಿಟ್ಟ. ಸೀಗೆಯನ್ನು ಅಂಗೈಗೆ ಸುರಿದುಕೊಂಡು, ಬೆರಳುಗಳಿಂದ ಗೋಡೆಯನ್ನು ತಿಕ್ಕಿದ. ಮೇಲಿನಿಂದ ಕೆಳಗೆ, ನೆತ್ತಿಯಿಂದ ತುರುಬಿಗೆ. ಗಣಿಯ ಗ್ರೀಸು ಉಗುರುಸಂದಿಯಲ್ಲಿ ಕೂತ ಬೆರಳುಗಳು. ಆ ಕೈ ನನ್ನ ತಲೆಯನ್ನೂ ಅಷ್ಟು ಮೆತ್ತಗೆ ಮುಟ್ಟಿದ್ದು ನೆನಪಿಲ್ಲ. ಮನೆಯೆಲ್ಲ ಶನಿವಾರದ ಬಚ್ಚಲಿನ ವಾಸನೆ ತುಂಬಿತು. ಸೀಗೆ ಎಲ್ಲಿ ಕಣ್ಣಿಗೆ ಬೀಳುತ್ತದೋ ಎಂದು ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ತೆರೆದಾಗ ಅಪ್ಪ ಮತ್ತೆ ನೀರು ಎರಚಿದ್ದ. ನೀರು ಎಲ್ಲೂ ಸರಿಯದೆ, ಯಾರನ್ನೂ ಸುತ್ತಿ ಹೋಗದೆ, ನೇರ ನೆಲಕ್ಕೆ ಇಳಿಯಿತು. ನಾನು ಇನ್ನೊಂದು ಸಲ, ಇನ್ನೊಂದು ಸಲ ಎಂದೆ. ಅಪ್ಪ ಎರಚಿ ಎರಚಿ ತೋರಿಸಿದ. ಯಾವ ಸಲವೂ ಅವಳು ಬರಲಿಲ್ಲ.

ಆಮೇಲೆ ಸೆಲ್ವರಾಜು ಗೊಣಗುತ್ತಲೇ ತಣ್ಣೀರಿನಲ್ಲಿ ತೊಳೆದ, ಒಣಗಿಸಿದ, ಆ ಜಾಗವನ್ನೂ ಉಪ್ಪು ಕಾಗದದಲ್ಲಿ ಉಜ್ಜಿ ಮಿಕ್ಕ ಗೋಡೆಯ ಜೊತೆ ಸೇರಿಸಿದ. ಮೇಲೆ ಕೆನೆಬಣ್ಣದ ಆಯಿಲ್ ಪೇಂಟು ಬಂತು. ಗೋಡೆ ಮತ್ತೆ ಹೊಳೆಯಿತು. ಅದರಲ್ಲಿ ಮುಖ ನೋಡಿಕೊಳ್ಳಲು ಮಾತ್ರ ನಾನು ಹೋಗಲಿಲ್ಲ.

ಚಿಕ್ಕಮ್ಮ ಬಂದಳು. ಹೊಸಿಲ ಮೇಲಿನ ಅಕ್ಕಿ ಸೇರನ್ನು ಎಷ್ಟು ಮೆಲ್ಲಗೆ ಒದ್ದಳೆಂದರೆ ಅದು ಉರುಳಲೇ ಇಲ್ಲ. ಅಜ್ಜಿ ಬಗ್ಗಿ ತಾನೇ ಉರುಳಿಸಿದಳು. ಉದ್ದನೆಯ, ತೆಳ್ಳಗಿನ ಹೆಂಗಸು, ಎಣ್ಣೆ ಹಚ್ಚಿ ಬಾಚಿದ ದಟ್ಟ ಕೂದಲು. ನನ್ನ ಕಣ್ಣಿದ್ದದ್ದು ಆ ಕೂದಲ ಮೇಲೆ. ನೆಂಟರೆಲ್ಲ ಹೋದ ಮೇಲೆ ಅವಳು ಎಲ್ಲಿ ಕೂರುತ್ತಾಳೆಂದು ನೋಡಿದೆ. ಒಲೆಯೂ ಬೀದಿಯೂ ಕಾಣುವ ಜಾಗ ಆ ಮನೆಯಲ್ಲಿ ಒಂದೇ ಇತ್ತು. ಅಲ್ಲೇ ಕುಳಿತಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಕಾದೆ. ಈಗ ತಲೆ ಹಿಂದಕ್ಕೆ ಹೋಗುತ್ತದೆ, ಈಗ ಹೋಗುತ್ತದೆ. ಹೋಗಲಿಲ್ಲ. ಅವರೆಕಾಯಿ ಸುಲಿದಳು, ಬೆನ್ನು ನೆಟ್ಟಗೆ. ಅಪ್ಪನ ಅಂಗಿಗೆ ಗುಂಡಿ ಹಾಕಿದಳು, ಬೆನ್ನು ನೆಟ್ಟಗೆ. ಮಧ್ಯಾಹ್ನ ತೂಕಡಿಸುವಾಗಲೂ ತಲೆ ಮುಂದಕ್ಕೆ ಜೋಲುತ್ತಿತ್ತೇ ಹೊರತು ಹಿಂದಕ್ಕೆ ಹೋಗುತ್ತಿರಲಿಲ್ಲ. "ಏನಮ್ಮಾ, ಮಾರಾಣಿ ಸಿಂವಾಸನದ ಮ್ಯಾಲೆ ಕುಂತಂಗೆ ಕುಂತ್ಕತೀಯ" ಎಂದು ಅಜ್ಜಿ ಚುಚ್ಚಿದರೆ, "ನಮ್ಮೂರಾಗೆ ಅಂಗೇ ಅಭ್ಯಾಸ ಅತ್ತೆ" ಎಂದು ನಗುತ್ತಿದ್ದಳು. ಜಂಬದ ಹೆಂಗಸು ಎಂದು ನಾನು ತೀರ್ಮಾನ ಮಾಡಿಕೊಂಡೆ. ದಿನಾ ನನಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು, ಸಾರಿನಲ್ಲಿ ಹಿತಕಿದ ಬೇಳೆಯೆಲ್ಲ ನನ್ನ ತಟ್ಟೆಗೇ ಬೀಳುವ ಹಾಗೆ ಬಡಿಸುತ್ತಿದ್ದಳು. ನಾವು ಜಗಳವಾಡಲಿಲ್ಲ. ವರ್ಷಗಳು ಕಳೆದ ಹಾಗೆ ಅವಳು ನನಗೆ ಅಭ್ಯಾಸವಾದಳು. ಜನ ಕೇಳಿದರೆ "ನಮ್ಮ ಚಿಕ್ಕಮ್ಮ ಬಂಗಾರ" ಎನ್ನುತ್ತಿದ್ದೆ, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಜ್ಜಿ ಹೋದಳು, ಗಣಿ ಮುಚ್ಚಿತು, ಅಪ್ಪನೂ ಹೋದ. ಮದುವೆಯಾಗಿ ಹೋಗಿದ್ದ ನಾನು ಮರಳಿ ಬಂದೆ, ನಾನೂ ನನ್ನ ಗಂಡನೂ ಈಗ ಚಿಕ್ಕಮ್ಮನ ಜೊತೆ ಅದೇ ಮನೆಯಲ್ಲಿದ್ದೇವೆ. ಅವರು ದಿನಾ ಬಂಗಾರಪೇಟೆಗೆ ಹೋಗಿ ರೈಲು ಹಿಡಿದು ಕೆಲಸಕ್ಕೆ ಹೋಗುತ್ತಾರೆ. ಮನೆಯ ಹೊರಗೋಡೆಗಳಿಗೆ ಎಷ್ಟೋ ಸಲ ಬಣ್ಣ ಬಿದ್ದಿದೆ. ನಡುಮನೆಯ ಆಯಿಲ್ ಪೇಂಟು ಮಾತ್ರ ಒರೆಸಿದರೆ ಸಾಕು ಎನ್ನುತ್ತ ಹಾಗೆಯೇ ಹಳದಿಗೆ ತಿರುಗಿತ್ತು. ಮೊನ್ನೆ ಅದಕ್ಕೂ ಬಣ್ಣ ಮಾಡಿಸೋಣವೆಂದು ಹೊರಟಾಗ ಪೇಂಟರು, "ಈಗೆಲ್ಲ ಒಳ್ಳೊಳ್ಳೆ ಪ್ರೈಮರ್ ಬಂದದೆ ಮೇಡಂ, ಮೇಲೇ ಒಡೆದ್ಬಿಡಾನ" ಎಂದ. ನಾನು ಕೇಳಲಿಲ್ಲ. ತೊಳೆಯದೆ, ಉಜ್ಜದೆ ಆ ಗೋಡೆಗೆ ಬ್ರಷ್ಷು ಮುಟ್ಟಿಸಲು ನನ್ನ ಕೈಲಾಗದು. ಅವನು ಬರುವ ಹಿಂದಿನ ದಿನ ಬೆಳಿಗ್ಗೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಾನೇ ಧೂಳು ಒರೆಸಿ, ಎಣ್ಣೆ ಎಲ್ಲೆಲ್ಲಿದೆ ನೋಡೋಣವೆಂದು ನೀರು ಎರಚಿದೆ.

ಮೂಲೆಯಲ್ಲಿ ನೀರು ಸರಿಯಿತು. ಅಜ್ಜಿ ಕಡೆಗಾಲದಲ್ಲಿ ಒರಗುತ್ತಿದ್ದ ಮೂಲೆ. ಕಿಟಕಿಯ ಪಕ್ಕ ಸರಿಯಿತು. ಕುರ್ಚಿ ಹಾಕಿಕೊಂಡು ಅಪ್ಪ ರೇಡಿಯೋ ಕೇಳುತ್ತಿದ್ದ ಜಾಗ. ಬಾಗಿಲ ಆಚೆ ಬದಿಗೆ ಗಿಡ್ಡದೊಂದು ಗುರುತು ಎದ್ದಿತು. ಅದು ಪುಸ್ತಕ ಹಿಡಿದು ಕೂರುತ್ತಿದ್ದ ನನ್ನದೇ. ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಎರಚಿದೆ. ನೀರು ಹರಡಿಕೊಂಡು ಇಳಿಯಿತು. ಎತ್ತರಿಸಿ ಎರಚಿದೆ, ತಗ್ಗಿಸಿ ಎರಚಿದೆ. ಎಲ್ಲೂ ಸರಿಯಲಿಲ್ಲ. ಕೈಯಲ್ಲಿ ಮುಟ್ಟಿ ನೋಡಿದೆ. ನಿನ್ನೆ ಬಳಿದ ಗೋಡೆಯ ಹಾಗಿತ್ತು. ಇಷ್ಟು ವರ್ಷ, ದಿನಾ ಎಣ್ಣೆ ಹಚ್ಚುವ ಹೆಂಗಸು, ದಿನಾ ಕುಳಿತ ಜಾಗ. ಅವಳು ಒಂದು ದಿನವೂ ಒರಗಿರಲಿಲ್ಲ. ಚಿಕ್ಕಮ್ಮ ಹೊಸಿಲ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದಳು.

"ಚಿಕ್ಕಮ್ಮ, ನೀನು ಈ ಗೋಡೆಗೆ ಯಾವತ್ತೂ ತಲೆ ಆನಿಸೇ ಇಲ್ವಾ?"

"ಇದೇನು ಇವತ್ತು ಒಸದಾಗಿ ನೋಡ್ದೋಳಂಗೆ ಕೇಳ್ತೀಯ."

"ಯಾಕೆ?"

ಅವಳು ಸೊಪ್ಪಿನ ದಂಟು ಮುರಿದು ಪಕ್ಕಕ್ಕಿಟ್ಟಳು.

"ನೀನು ಕಾಯ್ತಿದ್ದೆಯಲ್ಲಮ್ಮ. ಆ ಬಾಗಿಲಾಗೆ ನಿಂತ್ಕಂಡು, ಇಷ್ಟಿಷ್ಟು ದೊಡ್ಡ ಕಣ್ಣು ಬಿಟ್ಕಂಡು, ನನ್ನ ತಲೇನೇ ನೋಡ್ತಿದ್ದೆ. ಒಂದು ಮಗು ಗ್ವಾಡೇನ ಅಂಗೆ ಕಾಯ್ತದೆ ಅಂದ್ರೆ, ಅಲ್ಲಿ ಯಾರು ಕುಂತ್ಕತಿದ್ರು ಅಂತ ನಂಗೆ ಇನ್ನೊಬ್ರು ಏಳಬೇಕಾ?"

"ನಾನು ದೊಡ್ಡೋಳಾದ ಮೇಲೆ? ಮದುವೆಯಾಗಿ ಹೋದ ಮೇಲೆ?"

"ಅಷ್ಟೊತ್ಗೆ ಬೆನ್ನು ಕಲ್ತುಬಿಟ್ಟಿತ್ತು. ಬಂಗಾರಪೇಟೆ ಡಾಕ್ಟ್ರು ಅಂದ್ರಲ್ಲ, ಏನಮ್ಮಾ ನಿಂದು ಮಿಲಿಟ್ರಿ ಬೆನ್ನು ಅಂತ." ತನ್ನ ಮಾತಿಗೆ ತಾನೇ ನಕ್ಕಳು. ನಾನು ನಗದೆ ನಿಂತಿರುವುದನ್ನು ನೋಡಿ ಸೊಪ್ಪಿನ ಮೊರ ಸರಿಸಿದಳು. "ಬಾ ಇಲ್ಲಿ. ತಲೆ ನೋಡು, ಇಟ್ಟಿನ ಮಿಲ್ಲಿಂದ ಬಂದಂಗೈತೆ. ಕೂತ್ಕಾ, ಕೊಡವಿ ಎಣ್ಣೆ ಅಚ್ತೀನಿ."

ನರೆತ ತಲೆಯ ನಾನು ಹೋಗಿ ಅವಳ ಕಾಲ ಬಳಿ ನೆಲದ ಮೇಲೆ ಕುಳಿತೆ. ಸೆರಗಿನಿಂದ ಧೂಳು ಕೊಡವಿದಳು, ಸಿಕ್ಕು ಬಿಡಿಸಿದಳು, ನೆತ್ತಿಗೆ ಎಣ್ಣೆ ಬಿಟ್ಟು ಅಂಗೈಯಿಂದ ತಟ್ಟಿದಳು. ಹಾಗೆಯೇ ನನ್ನ ಹಣೆಗೆ ಕೈಯಿಟ್ಟು ತಲೆಯನ್ನು ತನ್ನ ಮೊಣಕಾಲಿನ ಕಡೆಗೆ ಎಳೆದುಕೊಂಡಳು. ಅದು ಅರ್ಧಕ್ಕೇ ನಿಂತಿತು.

"ಕತ್ತು ಸಡಿಲ ಬಿಡಮ್ಮ," ಎಂದಳು. "ಸಣ್ಣೋಳಿದ್ದಾಗಿಂದ್ಲೂ ಇಂಗೇ ಬಿಗಿ ಇಡ್ಕಂಡಿದೀಯ."

ಬಿಡಲು ಹೋದೆ. ಹೇಗೆ ಬಿಡುವುದೆಂದು ನನ್ನ ಕತ್ತಿಗೆ ಗೊತ್ತಿರಲಿಲ್ಲ.